ಎಂಟು ಹಾಕಿ ಒಂಬತ್ತು ತೆಗೆದ ಹಿಲ್ಕಾ

ಯುಲಾಮಾದಲ್ಲಿ ಕಲ್ಲಿನ ಹುಚ್ಚು ಹಿಡಿಯದವರು ಬೇಕೆಂದರೆ ತೊಟ್ಟಿಲಲ್ಲಿ ಹುಡುಕಬೇಕು. ಆಲೂಗಡ್ಡೆ ನೆಡಲು ಗುದ್ದಲಿ ಹಾಕಿದರೂ ಟಣ್ಣೆನ್ನುವ, ಚಳಿನಾಡಿನ ಗಡಿಯಂಚಿನ ಊರು ಅದು. ಅಲ್ಲಿನ ಕಪ್ಪು ಕಲ್ಲಿಗೆ ಒಂದು ಚಾಳಿಯಿದೆ. ಒಂದು ಕಡೆಯಿಂದ ನೋಡಿದರೆ ಬಚ್ಚಲಿಗೆ ಹಾಸುವ ಚಪ್ಪಡಿಗೂ ಅದಕ್ಕೂ ವ್ಯತ್ಯಾಸವಿಲ್ಲ. ಒದ್ದೆ ಮಾಡಿ ಸ್ವಲ್ಪ ಓರೆಯಾಗಿ ಹಿಡಿದರೆ ಒಳಗಿನಿಂದ ನೀಲಿ, ಹಸಿರು, ಕೆಲವೊಮ್ಮೆ ಕಿತ್ತಳೆ ಬಣ್ಣ ಭಗ್ಗನೆ ಹೊತ್ತಿಕೊಳ್ಳುತ್ತದೆ. ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿದರೆ ಮತ್ತೆ ಚಪ್ಪಡಿಯೇ. ಆ ಸರಿಯಾದ ಮಗ್ಗುಲನ್ನು ಹುಡುಕಿ, ಅಲ್ಲೇ ಕೊಯ್ದು, ಅಲ್ಲೇ ಉಜ್ಜಿ ಹೊಳಪು ಕೊಡುವವರಿಗೆ ಊರಿನ ಕಲ್ಲು ಸಂಘದಲ್ಲಿ ಮರ್ಯಾದೆ.

ಹಿಲ್ಕಾಗೆ ಆ ಮರ್ಯಾದೆ ಇರಲಿಲ್ಲ. ಅವಳು ಕೊಯ್ಯುವವಳಲ್ಲ, ಉರುಳಿಸುವವಳು. ಮೂವತ್ತನಾಲ್ಕು ವರ್ಷ ಅಂಚೆ ಹಂಚಿ, ಮೊದಲು ಸೈಕಲ್ಲಿನಲ್ಲಿ ಆಮೇಲೆ ಹಳದಿ ಕಾರಿನಲ್ಲಿ ಊರಿನ ಪ್ರತಿ ಗೇಟನ್ನೂ ಮುಟ್ಟಿ, ನಿವೃತ್ತಿಯಾದ ಮರುವರ್ಷ ಗಂಡನನ್ನು ಕಳೆದುಕೊಂಡವಳು. ಮನೆ ತೀರಾ ಸದ್ದಿಲ್ಲದಂತಾಯಿತು ಎಂದು ಒಂದು ಉರುಳು ಯಂತ್ರ ತಂದಳು. ಬಣ್ಣದ ಡಬ್ಬಿಯಷ್ಟು ದೊಡ್ಡ ರಬ್ಬರಿನ ಪೀಪಾಯಿ, ಅದನ್ನು ಹಗಲೂ ರಾತ್ರಿ ಮೆಲ್ಲಗೆ ತಿರುಗಿಸುವ ಎರಡು ಸಲಾಕೆ, ಅಷ್ಟೇ. ಹಿತ್ತಲಿನ ಹಬೆಸ್ನಾನದ ಗುಡಿಸಲು, ಅಂದರೆ ಸೌನಾದ ಹೊರಕೋಣೆಯಲ್ಲಿ, ಬಟ್ಟೆ ಬಿಚ್ಚಿಡುವ ಬೆಂಚಿನ ಕೆಳಗೆ ಅದು ಗುರುಗುಟ್ಟುತ್ತಿದ್ದರೆ ಅವಳಿಗೆ ನಿದ್ದೆ ಚೆನ್ನಾಗಿ ಬರುತ್ತಿತ್ತು.

ಪಕ್ಕದ ಮನೆಯ ವೇಯೊ ಸಂಘದ ದೊಡ್ಡ ಕೊಯ್ಯುಗಾರ. ಅವನು ಈ ಯಂತ್ರ ಕಂಡರೆ ಮೂಗು ಮುರಿಯುತ್ತಿದ್ದ. ನಮ್ಮ ಕಲ್ಲು ಮೆದು, ಪದರ ಪದರವಾಗಿ ಸೀಳುವ ಜಾತಿ, ಅದನ್ನು ಪೀಪಾಯಿಗೆ ಹಾಕುವುದೆಂದರೆ ಕೇಕನ್ನು ಚೀಲಕ್ಕೆ ಹಾಕಿ ಬಡಿದ ಹಾಗೆ ಎಂದು ಅವನ ವಾದ. ಹಿಲ್ಕಾ ಕಿವಿಗೆ ಹಾಕಿಕೊಳ್ಳಲಿಲ್ಲ. ನಾಲ್ಕಾರು ಪೀಪಾಯಿ ಕಲ್ಲು ಹಾಳು ಮಾಡಿಕೊಂಡ ಮೇಲೆ ಅವಳಿಗೆ ಗುಟ್ಟು ಹತ್ತಿತು. ಗಟ್ಟಿ ಕಲ್ಲುಗಳ ಜೊತೆ ಇವನ್ನು ಸೇರಿಸಬಾರದು. ತೀರಾ ಒರಟು ಉಜ್ಜುಪುಡಿ ಬೇಡ. ಪೀಪಾಯಿ ಮುಕ್ಕಾಲು ತುಂಬಿರಬೇಕು, ಇಲ್ಲದಿದ್ದರೆ ಕಲ್ಲು ಮೇಲಿಂದ ಬಿದ್ದು ಒಡೆಯುತ್ತದೆ. ಸಂದಿಯಲ್ಲಿ ಪಿಂಗಾಣಿ ಗುಂಡುಗಳಿರಬೇಕು. ನೀರಿಗೆ ಎರಡು ಚಮಚ ಸಕ್ಕರೆ ಹಾಕಿದರೆ ಅದು ಮಂದವಾಗಿ ಪೆಟ್ಟನ್ನು ತಡೆಯುತ್ತದೆ. ವಾರಕ್ಕೊಮ್ಮೆ ಎಲ್ಲ ತೊಳೆದು, ಇನ್ನಷ್ಟು ನುಣ್ಣನೆಯ ಪುಡಿ. ಐದು ವಾರಕ್ಕೆ ಕಲ್ಲು ಕೈಗೆ ಬರುತ್ತಿತ್ತು. ಯಾವ ಮಗ್ಗುಲಲ್ಲಿ ಬಣ್ಣ ಬರುತ್ತದೆ ಎಂದು ಅವಳು ಆರಿಸುತ್ತಿರಲಿಲ್ಲ. ಬಂದದ್ದು ಬರಲಿ ಎನ್ನುವುದು ಅವಳ ಸ್ವಭಾವ.

ನಾನು ಹೇಳುತ್ತಿರುವುದು ಪಕ್ಕದ ದೇಶದ ಗಡಿ ಇನ್ನೂ ತೆರೆದಿದ್ದ ವರ್ಷಗಳ ಮಾತು. ಹಿಲ್ಕಾಗೆ ಆಗ ಎಪ್ಪತ್ತು, ಅವಳ ಅಣ್ಣ ತೌನೊಗೆ ಎಂಬತ್ತು. ತೌನೊ ಹುಟ್ಟಿದ್ದು ಗಡಿಯ ಆ ಕಡೆ, ಅದು ಇನ್ನೂ ಈ ಕಡೆಯೇ ಆಗಿದ್ದಾಗ. ಯುದ್ಧದ ಕೊನೆಯ ಬೇಸಿಗೆಯಲ್ಲಿ ಆ ನೆಲ ಪಕ್ಕದ ದೇಶದ ಪಾಲಾಯಿತು; ಆಗ ಎಂಟು ವರ್ಷದವನಿದ್ದ ಅವನು, ಹಸು ಹೊಡೆದುಕೊಂಡು ಹೊರಟ ಅಪ್ಪ ಅಮ್ಮನ ಹಿಂದೆ ನಡೆಯುವ ಮುಂಚೆ ಸೌನಾದ ಮೆಟ್ಟಿಲ ಪಕ್ಕದಿಂದ ಒಂದು ಕಲ್ಲು ಎತ್ತಿ ಜೇಬಿಗೆ ಹಾಕಿಕೊಂಡಿದ್ದ. ಕೋಳಿಮೊಟ್ಟೆಗಿಂತ ಸ್ವಲ್ಪ ಸಣ್ಣ, ಯುಲಾಮಾದಲ್ಲಿ ಸಿಗುವಂಥದೇ ಕಪ್ಪು ಕಲ್ಲು. ಅದಾಗಿ ಎಪ್ಪತ್ತೆರಡು ವರ್ಷ ಅದು ಅವನ ಜೇಬು ಬಿಟ್ಟಿರಲಿಲ್ಲ. ಮದುವೆಯ ಕೋಟಿನಲ್ಲೂ ಇತ್ತು. ಹಿಲ್ಕಾ ಹುಟ್ಟಿದ್ದು ಎರಡು ವರ್ಷ ಕಳೆದು, ಈ ಕಡೆ, ಸರ್ಕಾರ ಕೊಟ್ಟ ಜಮೀನಿನಲ್ಲಿ. ಚಿಕ್ಕವಳಿದ್ದಾಗ ಒಮ್ಮೆ ಕೇಳದೆ ಆ ಕಲ್ಲು ಮುಟ್ಟಿದ್ದಕ್ಕೆ ಅಣ್ಣ ಮೂರು ದಿನ ಮಾತು ಬಿಟ್ಟಿದ್ದ.

ಆ ವರ್ಷ ಚಳಿಗಾಲದ ಕೊನೆಗೆ ತೌನೊನ ಕಾಲು ಸೋತಿತು, ಕಣ್ಣಂತೂ ಮೊದಲೇ ಮಬ್ಬಾಗಿತ್ತು. ಅವನನ್ನು ವೃದ್ಧಾಶ್ರಮಕ್ಕೆ ಸೇರಿಸಿದರು. ಹಿಲ್ಕಾ ಪ್ರತಿ ಗುರುವಾರ ಏಲಕ್ಕಿ ಬನ್ನು ಕಟ್ಟಿಕೊಂಡು ಹೋಗುತ್ತಿದ್ದಳು. ಮೇ ತಿಂಗಳ ಒಂದು ಗುರುವಾರ ಕಾಫಿ ಬಗ್ಗಿಸುತ್ತಾ ಅವಳು ಒಂದೇ ಉಸಿರಿಗೆ ಎರಡು ಸುದ್ದಿ ಹೇಳಿದಳು. ಹಳೇ ಊರು ನೋಡಲು, ಅಲ್ಲಿಂದ ಬಂದವರ ಸಂಘದ ಬಸ್ಸು ಜೂನ್ ಮೊದಲ ವಾರ ಹೊರಡುತ್ತದೆ, ಒಂದು ಸೀಟು ಖಾಲಿ ಇತ್ತು, ಬಾ ಬಾ ಎಂದು ಪೀಡಿಸಿದ್ದಕ್ಕೆ ಹೂಂ ಅಂದಿದ್ದೇನೆ. ಯಂತ್ರದ ಹಳೇ ಪೀಪಾಯಿ ಸೋರುತ್ತಿತ್ತು, ಹೊಸದು ತರಿಸಿದ್ದೇನೆ. ತೌನೊ ಎರಡನ್ನೂ ಕೇಳಿಸಿಕೊಂಡ. ಆಮೇಲೆ ಜೇಬಿಗೆ ಕೈ ಹಾಕಿ, ಆ ಕಲ್ಲು ತೆಗೆದು ಅವಳ ಅಂಗೈಯಲ್ಲಿಟ್ಟ.

"ಇದನ್ನ ಮನೇಲಿ ಒಂದು ಸುತ್ತು ಸುತ್ತಿಸ್ಕೊಂಡು ಬಾ."

ಹಿಲ್ಕಾ ಕಕ್ಕಾಬಿಕ್ಕಿಯಾದಳು. "ಇದನ್ನಾ? ನಿಜವಾಗ್ಲೂ ಹೇಳ್ತಿದೀಯಾ?"

"ನನ್ನ ಕೈಲಿ ಇನ್ನು ಆಗಲ್ಲ. ನೀನೇ ಮಾಡ್ಬೇಕು. ಯಾವಾಗ ವಾಪಸ್ ತರ್ತೀಯ?"

ಅವಳು ಮನಸ್ಸಿನಲ್ಲೇ ವಾರಗಳನ್ನು ಲೆಕ್ಕ ಹಾಕಿ, ಜೂನ್ ಕೊನೆಗೆ ಎಂದಳು. ಅವನು ತಲೆಯಾಡಿಸಿ, ಬನ್ನು ಕಾಫಿಯಲ್ಲಿ ಅದ್ದಿಕೊಂಡ.

ದಾರಿಯುದ್ದಕ್ಕೂ ಅವಳಿಗೆ ಇದರ ತಲೆಬುಡ ತಿಳಿಯಲಿಲ್ಲ. ಮುಟ್ಟಲೂ ಬಿಡದ ಕಲ್ಲನ್ನು ಉರುಳಿಸಿ ನುಣುಪು ಮಾಡು ಎನ್ನುತ್ತಿದ್ದಾನಲ್ಲ, ಇವನಿಗೇನಾಯಿತು? ವಯಸ್ಸಾದ ಮೇಲೆ ಆಸೆಗಳು ಬದಲಾಗುತ್ತವೇನೋ. ಅಥವಾ ಇಷ್ಟು ವರ್ಷ ತಂಗಿಯ ಹವ್ಯಾಸವನ್ನು ಒಮ್ಮೆಯೂ ಕೇಳದವನು ಈಗ ಅದಕ್ಕೆ ಬೆಲೆ ಕೊಡುತ್ತಿದ್ದಾನೋ. ಹಾಗೆ ಅಂದುಕೊಂಡಾಗ ಅವಳಿಗೆ ಖುಷಿಯಾಯಿತು. ನಿಜ ಹೇಳಬೇಕೆಂದರೆ ಆ ಖುಷಿಯೇ ಅವಳ ಬಾಯಿ ಕಟ್ಟಿತು. ಇನ್ನೊಂದು ಸಲ ಕೇಳೋಣ ಎಂದು ಅವಳಿಗೆ ಅನ್ನಿಸಲೇ ಇಲ್ಲ.

ಒಂಟಿ ಕಲ್ಲು ಪೀಪಾಯಿಯಲ್ಲಿ ಉರುಳುವುದಿಲ್ಲ, ಬರೀ ಜಾರುತ್ತದೆ. ಅದಕ್ಕೆ ಜೊತೆ ಬೇಕು. ಹಿಲ್ಕಾ ಅದೇ ಗಾತ್ರದ, ಅದೇ ಜಾತಿಯ ಏಳು ಕಲ್ಲು ಆರಿಸಿ, ಅಣ್ಣನದನ್ನು ಸೇರಿಸಿ ಎಂಟು ಮಾಡಿದಳು. ಅಣ್ಣನ ಕಲ್ಲಿಗೆ ಪೆನ್ನಿನಿಂದ ಒಂದು ಅಡ್ಡಗೆರೆ ಎಳೆದಳು. ಆ ಗೆರೆ ಒಂದು ಗಂಟೆಯೂ ನಿಲ್ಲುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಆದರೆ ಹುಟ್ಟಿದಾಗಿನಿಂದ ನೋಡಿದ ಕಲ್ಲು, ನನಗೆ ಗುರುತು ಸಿಗದೆ ಇರುತ್ತದೆಯೇ ಎಂಬ ಧೈರ್ಯ.

ಒಂದನೇ ವಾರ ತೊಳೆಯುವಾಗಲೇ ಅವಳಿಗೆ ಅನುಮಾನ ಬಂತು. ಎಂಟೂ ಒಂದೇ ಬೂದಿ ಬಣ್ಣ, ಒಂದೇ ಮುಖ. ಇದೇ ಇರಬೇಕು ಎಂದುಕೊಂಡು ಒಂದನ್ನು ಪಕ್ಕಕ್ಕಿಟ್ಟಳು, ಹೊಸ ಪುಡಿ ಹಾಕುವಷ್ಟರಲ್ಲಿ ಅದೂ ಉಳಿದವುಗಳ ಜೊತೆ ಸೇರಿಹೋಗಿತ್ತು. ಹೊಳಪು ಬಂದ ಮೇಲೆ ಬಣ್ಣ ನೋಡಿ ಹೇಳಬಹುದು ಎಂದು ಸಮಾಧಾನ ಮಾಡಿಕೊಂಡಳು. ಮುಂದಿನ ವಾರಗಳಲ್ಲಿ ಅವಳು ಕೆಸರು ತೊಳೆದಳೇ ಹೊರತು ಕಲ್ಲು ಎಣಿಸಲಿಲ್ಲ.

ಜೂನಿನಲ್ಲಿ ಬಸ್ಸು ಹೊರಟಿತು. ಯಂತ್ರದ ಮೇಲೆ ಒಂದು ಕಣ್ಣಿಟ್ಟಿರು ಎಂದು ವೇಯೊಗೆ ಹೇಳಿ ಹಿಲ್ಕಾ ಹೋಗಿಬಂದಳು. ಗಡಿ ದಾಟಿ ಅರ್ಧ ಗಂಟೆಗೆ ಬಸ್ಸು ಒಂದು ಪೊದೆಗಾಡಿನ ಪಕ್ಕ ನಿಂತಿತು. ನಿಮ್ಮ ಮನೆ ಇದ್ದದ್ದು ಇಲ್ಲೇ ಒಳಗೆ ಎಂದು ಸಂಘದ ಮುದುಕ ನಕ್ಷೆ ಹಿಡಿದು ತೋರಿಸಿದ. ಜಿಟಿಜಿಟಿ ಮಳೆ, ಮುಖಕ್ಕೆ ಮುತ್ತುವ ಸೊಳ್ಳೆ. ಹಿಲ್ಕಾ ಕಿಟಕಿಯಿಂದಲೇ ನೋಡಿದಳು, ಇಳಿಯಲಿಲ್ಲ. ಅವಳು ಹುಟ್ಟದ ಊರು, ಅವಳು ಉಣ್ಣದ ಮನೆ; ಪೊದೆ ಎಲ್ಲಿದ್ದರೂ ಪೊದೆಯೇ.

ಮರುವಾರ ತೌನೊ ಅವಳು ಕೂರುವುದಕ್ಕೂ ಬಿಡಲಿಲ್ಲ.

"ಹೋಗಿ ಬಂದ್ಯಾ? ಕಲ್ಲು ಎಲ್ಲಿ?"

"ಇನ್ನೂ ಸುತ್ತುತ್ತಾ ಇದೆ. ಅವಸರ ಮಾಡ್ಬೇಡ."

"ಇನ್ನೂನಾ? ಒಂದನ್ನೇ ಬಿಟ್ಟು ಬಂದ್ಯಾ?"

"ಒಂಟಿಯಾಗಿ ಸುತ್ತೋಕಾಗಲ್ಲ ತೌನೊ. ಜೊತೆಗೆ ಏಳು ಬಿಟ್ಟಿದೀನಿ."

"ಯಾರು ಆ ಏಳು ಜನ?"

ಹಿಲ್ಕಾ ಬನ್ನಿನ ಪೊಟ್ಟಣ ಬಿಚ್ಚಿ ಅವನ ಮುಂದಿಟ್ಟಳು. ತೌನೊ ಹುಬ್ಬು ಗಂಟಿಕ್ಕಿಕೊಂಡು ಗೋಡೆ ನೋಡುತ್ತಾ ಕುಳಿತ. ಹೊರಗೆ ಬಂದಾಗ ನರ್ಸ್, ಇತ್ತೀಚೆಗೆ ಇವರು ಹೀಗೆ ಏನೇನೋ ಮಾತಾಡುತ್ತಾರೆ, ಈ ವಯಸ್ಸಿಗೆ ಸಹಜ ಎಂದಳು. ಅಣ್ಣನ ಬುದ್ಧಿ ಹೋಗುತ್ತಿದೆ ಎಂದು ಹಿಲ್ಕಾ ಕಾರಿನಲ್ಲಿ ಕೂತು ಅತ್ತಳು. ಅದು ಪೂರ್ತಿ ಹೋಗುವ ಮುಂಚೆ ಅವನ ಕಲ್ಲು ಅವನ ಕೈ ಸೇರಬೇಕು, ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ನಡುಬೇಸಿಗೆ ಹಬ್ಬದ ಹಿಂದಿನ ದಿನ ಪೀಪಾಯಿ ತೆರೆದಳು. ಬಿಳಿ ನೊರೆಯಲ್ಲಿ ಕೈಯಾಡಿಸಿ ಪಿಂಗಾಣಿ ಗುಂಡುಗಳನ್ನು ಬೇರೆ ಮಾಡಿ, ಕಲ್ಲುಗಳನ್ನು ತೊಳೆದು ಟವೆಲ್ಲಿನ ಮೇಲೆ ಸಾಲಾಗಿಟ್ಟಳು. ಒಂಬತ್ತು ಇದ್ದವು. ಮತ್ತೆ ಎಣಿಸಿದಳು, ಒಂಬತ್ತೇ. ಪೀಪಾಯಿಯನ್ನೇ ಬೋರಲು ಹಾಕಿದಳು, ಬೆಂಚಿನ ಕೆಳಗೆ ಬಗ್ಗಿ ನೋಡಿದಳು. ಹಾಕಿದ್ದು ಎಂಟು, ಬಂದದ್ದು ಒಂಬತ್ತು. ತನ್ನ ಬುದ್ಧಿಯೇ ಹೋಗುತ್ತಿದೆಯೇನೋ ಎಂದು ಒಂದು ಕ್ಷಣ ಹೆದರಿಕೆಯಾಯಿತು. ಆಮೇಲೆ ಹೊಳೆಯಿತು. ಯಾವುದೋ ಒಂದು ಕಲ್ಲು ಪದರದಲ್ಲಿ ಸೀಳಿ ಎರಡಾಗಿದೆ. ಸೀಳಿದ ಜಾಗವೂ ವಾರಗಟ್ಟಲೆ ಉರುಳಿ ಗುಂಡಗಾಗಿದೆ, ಉಳಿದವೂ ಸವೆದು ಸಣ್ಣಪುಟ್ಟವಾಗಿವೆ, ಯಾವುದಕ್ಕೂ ಯಾವುದೂ ಕೂಡುವುದಿಲ್ಲ. ಆ ಒಡೆದದ್ದು ತೌನೊನದೇ ಆಗಿದ್ದರೆ?

ವೇಯೊನನ್ನು ಕೂಗಿದಳು. ಇಬ್ಬರೂ ಟಾರ್ಚ್ ಹಿಡಿದು ಒಂದೊಂದನ್ನೇ ಒದ್ದೆ ಮಾಡಿ ತಿರುಗಿಸಿ ನೋಡಿದರು. ಎಲ್ಲವೂ ಚೆನ್ನಾಗಿದ್ದವು, ಅದೇ ಕಷ್ಟ. ವೇಯೊ ಕೂಡ ಒಪ್ಪಿಕೊಂಡ, ಮೆದು ಕಲ್ಲಿಗೆ ಇಂಥ ಹೊಳಪು ತಾನು ನೋಡಿಲ್ಲವೆಂದು. ತೌನೊನ ಕಲ್ಲಿನಲ್ಲಿ ಹಸಿರು ಇತ್ತು ಎಂದು ಅವನ ನೆನಪು. ನೀಲಿ ಎಂದು ಹಿಲ್ಕಾಳ ನೆನಪು. ಅದನ್ನು ತೌನೊ ಯಾವತ್ತೂ ಒದ್ದೆ ಮಾಡಿ ತೋರಿಸಿಯೇ ಇರಲಿಲ್ಲವಲ್ಲ ಎಂದು ಇಬ್ಬರಿಗೂ ಆಮೇಲೆ ನೆನಪಾಯಿತು. ಹಬ್ಬದ ದಿನವೆಲ್ಲ ಊರು ಕೆರೆಯ ದಡದಲ್ಲಿ ಬೆಂಕಿ ಹಾಕಿಕೊಂಡು ಕುಣಿಯುತ್ತಿದ್ದರೆ ಹಿಲ್ಕಾ ಒಂಬತ್ತು ಕಲ್ಲುಗಳ ಮುಂದೆ ಕುಳಿತು ಒಮ್ಮೆ ಇದು, ಒಮ್ಮೆ ಅದು ಎನ್ನುತ್ತಿದ್ದಳು. ಒಂದನ್ನು ಆರಿಸಿ ಇದೇ ಎಂದು ಕೊಟ್ಟುಬಿಡು, ಅವನಿಗೆ ಕಣ್ಣು ಕಾಣುವುದಿಲ್ಲ ಎಂದು ವೇಯೊ ಹೇಳಿದ. ಅವಳಿಗೆ ಮನಸ್ಸು ಒಪ್ಪಲಿಲ್ಲ.

ಗುರುವಾರ ಒಂಬತ್ತನ್ನೂ ಕಾಫಿ ಡಬ್ಬಿಯಲ್ಲಿ ಹಾಕಿಕೊಂಡು ಹೋದಳು. ತೌನೊ ಒಂದೊಂದನ್ನೇ ಕೈಗೆ ತೆಗೆದುಕೊಂಡ. ಬೆಳಕಿಗೆ ಹಿಡಿಯಲಿಲ್ಲ. ಹೆಬ್ಬೆರಳಿನಿಂದ ಸವರಿ ಸವರಿ ಏನನ್ನೋ ಹುಡುಕಿ, ಪಕ್ಕಕ್ಕಿಟ್ಟು, ಇನ್ನೊಂದು ತೆಗೆದುಕೊಂಡ. ಒಂಬತ್ತೂ ಮುಗಿದ ಮೇಲೆ ಅವನು ಹೇಳಿದ:

"ಇದ್ರಲ್ಲಿ ಯಾವ್ದೂ ಅಲ್ಲ. ನಂದ್ರಲ್ಲಿ ಹೆಬ್ಬೆಟ್ಟು ಕೂರೋಕೆ ಒಂದು ಮುಕ್ಕು ಇತ್ತು."

ಆ ಮುಕ್ಕು ಹಿಲ್ಕಾಗೆ ಗೊತ್ತಿತ್ತು. ಮೊದಲ ವಾರದಲ್ಲೇ ಸವೆದು ಹೋಗುವಂಥದ್ದು, ಸವೆಸುವುದೇ ಆ ಯಂತ್ರದ ಕೆಲಸ. "ನೀನೇ ತಾನೆ ಸುತ್ತಿಸು ಅಂದಿದ್ದು? ಸುತ್ತಿಸಿದ್ರೆ ಮುಕ್ಕು ಉಳಿಯುತ್ತಾ?" ಎಂದು ಕೇಳಿದಳು, ಸ್ವಲ್ಪ ಸಿಟ್ಟಿನಿಂದಲೇ.

"ಮನೇಲಿ ಅಂದಿದ್ದೆ."

"ಮನೇಲೇ ಸುತ್ತಿಸಿದ್ದು. ಸೌನಾದಲ್ಲಿ."

"ನಿನ್ನ ಮನೆ ಅಲ್ಲ, ಹುಡುಗಿ. ಮನೆ."

ಹಿಲ್ಕಾಗೆ ಆಗ ಅರ್ಥವಾಯಿತು. ಆ ಮನೆತನದಲ್ಲಿ ಮನೆ ಎನ್ನುವ ಮಾತಿಗೆ ಎರಡು ಅರ್ಥವಿತ್ತು, ಅವಳು ಹುಟ್ಟಿದಾಗಿನಿಂದ. ಅಪ್ಪ, ಅಮ್ಮ, ತೌನೊ ಊಟದ ಮೇಜಿನಲ್ಲಿ ಮನೆ ಎಂದರೆ ಅದು ಗಡಿಯಾಚೆಯ ಮನೆ. ಈಗ ಮಲಗಿ ಏಳುವ ಜಾಗಕ್ಕೆ ಅವರು 'ಇಲ್ಲಿ' ಎನ್ನುತ್ತಿದ್ದರು. ಮನೆಯಲ್ಲಿ ಸೇಬು ಸಿಹಿಯಾಗಿತ್ತು, ಇಲ್ಲಿ ಹುಳಿ. ಹಿಲ್ಕಾ ಒಬ್ಬಳಿಗೇ ಇಲ್ಲಿಯೇ ಮನೆ. ಅಪ್ಪ ಅಮ್ಮ ಸತ್ತು, ಆ ಮಾತು ಕಿವಿಗೆ ಬೀಳದೆ ಮೂವತ್ತು ವರ್ಷವಾಗಿತ್ತು, ಅವಳು ಮರೆತೇಬಿಟ್ಟಿದ್ದಳು. ತೌನೊ ಕೇಳಿದ್ದು ಬಸ್ಸಿನಲ್ಲಿ ಹೋಗುವಾಗ ಕಲ್ಲನ್ನು ಜೊತೆಗೆ ಒಯ್ಯಲು, ಮನೆಯ ಸುತ್ತ ಒಂದು ಸುತ್ತು ತಿರುಗಿಸಿ ತರಲು. ಅವನ ಕಾಲಿಗೆ ಆಗದ್ದನ್ನು ಕಲ್ಲಿಗಾದರೂ ಮಾಡಿಸಲು. ಸುತ್ತು ಎಂದರೆ ಪೀಪಾಯಿ ಎಂದು ಅವಳಲ್ಲದೆ ಇನ್ಯಾರು ತಿಳಿಯುತ್ತಿದ್ದರು!

ಅಣ್ಣನ ಬುದ್ಧಿ ನೆಟ್ಟಗೇ ಇತ್ತು. ಬಸ್ಸು ಆ ಪೊದೆಯ ಪಕ್ಕ ನಿಂತಿದ್ದಾಗ ಅವನ ಕಲ್ಲು ಬೆಂಚಿನ ಕೆಳಗೆ ಸಕ್ಕರೆ ನೀರಿನಲ್ಲಿ ಹೊರಳಾಡುತ್ತಿತ್ತು, ತಾನು ಸೊಳ್ಳೆಗೆ ಹೆದರಿ ಕೆಳಗಿಳಿದೂ ಇರಲಿಲ್ಲ. ಅದನ್ನೂ ಅವಳು ಹೇಳಿದಳು. ಮುಚ್ಚಿಡುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ತೌನೊ ಬೈಯಲಿಲ್ಲ. ಮೆಲ್ಲಗೆ ಗೋಡೆಯ ಕಡೆ ಹೊರಳಿ ಮಲಗಿದ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು. ನಾಚಿಕೆ ಅವಳನ್ನು ಆ ಬೇಸಿಗೆಯಿಡೀ ಬಿಡಲಿಲ್ಲ. ಯಂತ್ರದ ತಂತಿಯನ್ನು ಅವತ್ತೇ ಕಿತ್ತಿಟ್ಟಳು.

ಆಗಸ್ಟಿನಲ್ಲಿ ಇನ್ನೊಂದು ಬಸ್ಸಿತ್ತು. ಎಲ್ಲರಿಗಿಂತ ಮೊದಲು ಹಿಲ್ಕಾ ಹೆಸರು ಬರೆಸಿದಳು. ಯಾವುದು ಅಣ್ಣನದೆಂದು ಗೊತ್ತಿಲ್ಲದ ಮೇಲೆ ಎಲ್ಲವನ್ನೂ ಒಯ್ಯದೆ ದಾರಿಯಿರಲಿಲ್ಲ. ಗಡಿಯಲ್ಲಿ ಕಾಫಿ ಡಬ್ಬಿ ತೆರೆಸಿ ನೋಡಿದ ಅಧಿಕಾರಿಗೆ, ತನ್ನ ದೇಶಕ್ಕೆ ಈ ಮುದುಕಿ ಕಲ್ಲು ಯಾಕೆ ಹೊತ್ತು ತರುತ್ತಿದ್ದಾಳೆಂದು ಅರ್ಥವಾಗಲಿಲ್ಲ. ತಿರುಗಾಡಿಸಲು ಎಂದು ಅವಳು ಹೇಳಿದ್ದನ್ನು ಸಂಘದ ಮುದುಕ ಅವರ ಭಾಷೆಗೆ ತಿರುಗಿಸಿದ. ಅಧಿಕಾರಿ ಅವಳ ಮುಖವನ್ನೊಮ್ಮೆ, ಡಬ್ಬಿಯನ್ನೊಮ್ಮೆ ನೋಡಿ ಕೈಬೀಸಿ ಕಳಿಸಿದ.

ಈ ಸಲ ಅವಳು ಇಳಿದಳು. ಸೊಂಟದೆತ್ತರ ಹುಲ್ಲು, ರಾಸ್ಪ್‌ಬೆರಿ ಮುಳ್ಳು, ನಡುವೆ ಒಂದು ಸೇಬಿನ ಮರ. ಮನೆಯ ಅಡಿಪಾಯ ಕಾಲಿಗೆ ತಗುಲಿದಾಗಲೇ ಗೊತ್ತಾದದ್ದು. ಡಬ್ಬಿಯನ್ನು ಎದೆಗವಚಿಕೊಂಡು ಅದರ ಸುತ್ತ ನಡೆದಳು, ಎರಡು ಸಲ ಎಡವಿದಳು. ಕೆಳಗೆ ತೋಡಿನ ಪಕ್ಕ ಸೌನಾದ ಮೂರು ಮೆಟ್ಟಿಲು ಹಾಗೇ ಉಳಿದಿದ್ದವು, ಮೇಲೆ ಸೌನಾ ಮಾತ್ರ ಇರಲಿಲ್ಲ. ಚಿಕ್ಕಂದಿನಲ್ಲಿ ಕೇಳಿ ಕೇಳಿ ಬೇಸತ್ತ ಮೆಟ್ಟಿಲು. ಅದರ ಮೇಲೆ ಕಲ್ಲುಗಳನ್ನು ಹರಡಿ, ಬಾಟಲಿಯ ನೀರು ಚಿಮುಕಿಸಿದಳು. ಬಿಸಿಲು ಓರೆಯಾಗಿತ್ತು. ಒಂದು ಹೊತ್ತಿಕೊಂಡಿತು, ಇನ್ನೊಂದು, ಮತ್ತೊಂದು. ಯಾವುದು ಅಣ್ಣನದೆಂದು ಅಲ್ಲೂ ಗೊತ್ತಾಗಲಿಲ್ಲ. ಆದರೆ ಎಂಟು ವರ್ಷದ ಒಬ್ಬ ಹುಡುಗ ಇಲ್ಲಿ ಬಗ್ಗಿ ಕಲ್ಲು ಎತ್ತಿಕೊಂಡದ್ದು ಮೊದಲ ಸಲ ಅವಳಿಗೆ ಕಂಡಿತು. ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು.

ಬಸ್ಸಿನ ಹಾರ್ನ್ ಮೂರನೇ ಸಲ ಕೇಳಿದಾಗ ಗಡಬಡಿಸಿ ಎದ್ದು ಕಲ್ಲುಗಳನ್ನು ಬಾಚಿ ಡಬ್ಬಿಗೆ ಹಾಕಿದಳು. ಸೀಟಿನಲ್ಲಿ ಕೂತು ಎಣಿಸಿದಳು: ಎಂಟು. ಸರಿಯಿದೆ ಎಂದು ಮುಚ್ಚಳ ಹಾಕಿದಳು. ಗಡಿ ದಾಟಿ, ಈ ಕಡೆಯ ಪೆಟ್ರೋಲ್ ಬಂಕಿನಲ್ಲಿ ಎಲ್ಲರೂ ಕಾಫಿಗೆ ಇಳಿದಾಗ ತಟ್ಟನೆ ನೆನಪಾಯಿತು. ಎಂಟು ಪೀಪಾಯಿಗೆ ಹಾಕಿದ ಲೆಕ್ಕ. ಹೊರಗೆ ಬಂದದ್ದು ಒಂಬತ್ತು. ಡಬ್ಬಿಯನ್ನು ಮೇಜಿನ ಮೇಲೆ ಸುರಿದಳು, ಚೀಲ ಕೊಡವಿದಳು, ಕೋಟಿನ ಜೇಬುಗಳನ್ನು ಹೊರಗೆಳೆದಳು. ಒಂದು ಅಲ್ಲೇ, ಹುಲ್ಲಿನಲ್ಲೋ ಮೆಟ್ಟಿಲ ಮೇಲೋ ಉಳಿದುಹೋಗಿತ್ತು.

ಆ ರಾತ್ರಿ ಇದನ್ನು ಹೇಳುವುದೋ ಬಿಡುವುದೋ, ಹೇಳಿದರೆ ಹೇಗೆ, ಏನೂ ಬಗೆಹರಿಯಲಿಲ್ಲ. ಮಾರನೆಯ ದಿನ ಗುರುವಾರವಲ್ಲದಿದ್ದರೂ ಹೋದಳು. ತೌನೊ ಎದ್ದು ಕುಳಿತಿದ್ದ. ಸೇಬಿನ ಮರ ಇದೆಯಾ ಎಂದು ಕೇಳಿದ. ಇದೆ ಎಂದಳು. ಮೆಟ್ಟಿಲು? ಮೂರೂ ಇವೆ. ಅವನು ಡಬ್ಬಿಗೆ ಕೈಚಾಚಿ ಬೆರಳುಗಳಿಂದ ಎಣಿಸಿದ.

"ಒಂಬತ್ತು ಇತ್ತಲ್ಲ?"

ಹಿಲ್ಕಾ ಅಳುತ್ತಲೇ ಹೇಳಿದಳು. "ಒಂದು ಅಲ್ಲೇ ಬಿದ್ದೋಯ್ತು ತೌನೊ. ಯಾವ್ದು ಅಂತ ನಂಗೆ ಗೊತ್ತಿಲ್ಲ. ಎಂಟು ಇದ್ರೆ ಸರಿ ಅನ್ಕೊಂಡ್ಬಿಟ್ಟೆ."

ತೌನೊ ಡಬ್ಬಿಯೊಳಗೆ ಎಂಟನ್ನೂ ಇನ್ನೊಮ್ಮೆ ಬೆರಳಿನಿಂದ ಸವರಿದ. ಆಮೇಲೆ ಕೈ ಹೊರಗೆ ತೆಗೆದು, ಡಬ್ಬಿಯನ್ನು ಅವಳ ಕಡೆಗೆ ತಳ್ಳಿದ.

"ಹಾಗಾದ್ರೆ ಅದೇ ನಂದು. ಇವೆಲ್ಲ ನಿಂದು, ತಗೊಂಡ್ಹೋಗು."